ಅಪ್‌ಡೇಟ್: ಸ್ಕ್ರೀನ್ ರೀಡರ್‌ನಲ್ಲಿ ತೊಡಕಾಗಿದ್ದ ವರ್ಡ್ ವರದಿ ಸರಿಹೋಯಿತು
ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವ ನನ್ನ ಸಹೋದ್ಯೋಗಿಗೆ ದೀರ್ಘ ವರದಿಯೊಂದರಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗಲು ಆಗುತ್ತಿಲ್ಲ, ಕೋಷ್ಟಕಗಳೂ ಅರ್ಥವಾಗುತ್ತಿಲ್ಲ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು; ಸಮಸ್ಯೆ ಬಗೆಹರಿದಿದೆ.

ಫಲ ಕೊಟ್ಟದ್ದು ವರ್ಡ್‌ನಲ್ಲಿರುವ ಸಿದ್ಧ ಶೈಲಿಗಳನ್ನು (ಸ್ಟೈಲ್ಸ್) ಬಳಸಿ ಎಂಬ ಸಲಹೆ. ಅಕ್ಷರಗಳನ್ನು ದಪ್ಪವಾಗಿಸಿ ಗಾತ್ರ ಹೆಚ್ಚಿಸಿದ ಸಾಲು ಕಣ್ಣಿಗೆ ಶೀರ್ಷಿಕೆಯಂತೆ ಕಂಡರೂ ತಂತ್ರಾಂಶದ ಪಾಲಿಗೆ ಅದು ಸಾಮಾನ್ಯ ಪ್ಯಾರಾ ಅಷ್ಟೆ. ಅಂಥ ಸಾಲುಗಳಿಗೆ ‘ಹೆಡಿಂಗ್ 1’, ‘ಹೆಡಿಂಗ್ 2’ ಶೈಲಿಗಳನ್ನು ಅನ್ವಯಿಸಿದ ಮೇಲೆ, ಎನ್‌ವಿಡಿಎ ಕೀಲಿಯೊಂದಿಗೆ (ಸಾಮಾನ್ಯವಾಗಿ ಇನ್ಸರ್ಟ್) ಸ್ಪೇಸ್ ಒತ್ತಿ, ಒಂದೊಂದೇ ಅಕ್ಷರದ ಕೀಲಿಯಿಂದ ದಾಖಲೆಯಲ್ಲಿ ಓಡಾಡಬಹುದಾದ ಬ್ರೌಸ್ ಮೋಡ್‌ಗೆ ಹೋಗಿ, ಎಚ್ ಕೀಲಿಯಿಂದ ಅವರು ಬೇಕಾದ ಭಾಗವನ್ನು ತಲುಪುತ್ತಿದ್ದಾರೆ. ಕೋಷ್ಟಕಗಳಲ್ಲಿ ವಿಲೀನಗೊಂಡಿದ್ದ ಕೋಶಗಳನ್ನು ಬಿಡಿಸಿ, ಮೊದಲ ಸಾಲನ್ನು ತಲೆಸಾಲೆಂದು ಗುರುತಿಸಿದೆ.

ಫಾಂಟ್ ಬದಲಿಸಿ ಸಾಲುಗಳ ನಡುವೆ ಅಂತರ ಹೆಚ್ಚಿಸುವ ಸಲಹೆಯಿಂದ ಇಲ್ಲಿ ಪ್ರಯೋಜನವಾಗಲಿಲ್ಲ. ಅದು ಮಂದದೃಷ್ಟಿಯವರಿಗೆ ನೆರವಾಗಬಹುದು, ಕೇಳಿ ಓದುವವರಿಗಲ್ಲ. ದಾಖಲೆ ಎಲ್ಲರಿಗೂ ಓದಲು ಅನುಕೂಲವಾಗಿದೆಯೇ ಎಂದು ಪರೀಕ್ಷಿಸುವ ವರ್ಡ್‌ನ ಆಕ್ಸೆಸಿಬಿಲಿಟಿ ಚೆಕರ್ ಅರ್ಧ ಕೆಲಸ ಮಾಡಿತೆನ್ನಬೇಕು: ಚಿತ್ರಕ್ಕೆ ಪರ್ಯಾಯ ಪಠ್ಯ (ಚಿತ್ರವನ್ನು ಮಾತಿನಲ್ಲಿ ಹೇಳುವ ವಿವರಣೆ) ಇಲ್ಲದಿದ್ದರೆ ಅದು ತೋರಿಸುತ್ತದೆ, ಆದರೆ ಬರೆದ ವಿವರಣೆ ಚಿತ್ರಕ್ಕೆ ಹೊಂದುತ್ತದೆಯೇ ಎಂಬುದನ್ನು ನಾವೇ ನೋಡಬೇಕು.

ನನಗೆ ಅಚ್ಚರಿ ತಂದದ್ದು ಪಿಡಿಎಫ್. ‘ಪ್ರಿಂಟ್ ಟು ಪಿಡಿಎಫ್’ ಮೂಲಕ ಮಾಡಿದ ಪ್ರತಿಯಲ್ಲಿ, ಇಷ್ಟೆಲ್ಲ ಶ್ರಮಪಟ್ಟು ಕೊಟ್ಟ ಶೀರ್ಷಿಕೆಗಳ ಗುರುತೇ ಉಳಿದಿರಲಿಲ್ಲ. ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ, ಆಯ್ಕೆಗಳಲ್ಲಿ ದಾಖಲೆಯ ರಚನೆಯ ಟ್ಯಾಗ್‌ಗಳನ್ನು (ಶೀರ್ಷಿಕೆ, ಕೋಷ್ಟಕ ಎಂದು ತಂತ್ರಾಂಶಕ್ಕೆ ತಿಳಿಸುವ ಗುರುತುಗಳು) ಸೇರಿಸುವ ಚೌಕಕ್ಕೆ ಗುರುತು ಹಾಕಿದಾಗ ಅವು ಪಿಡಿಎಫ್‌ನಲ್ಲಿಯೂ ಉಳಿದುಕೊಂಡವು.