‘ಸೂನ್’ ಎಂದರೆ ಎಷ್ಟು ಬೇಗ? ಭಾಷಾವಿಜ್ಞಾನಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಇಂಗ್ಲಿಷ್ ಪದಗಳ ಚರಿತ್ರೆಯನ್ನು ಅಧ್ಯಯನ ಮಾಡುವ ಭಾಷಾವಿಜ್ಞಾನಿಯೊಬ್ಬರು ‘ಸೂನ್’ ಹಾಗೂ ಅದರ ನೆರೆಹೊರೆಯ ಕಾಲವಾಚಕ ಪದಗಳ ಕುರಿತು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಗಳು ವಿಷಯಕ್ಕೆ ಸೀಮಿತವಾಗಿರಲಿ ಎಂದು ವಿನಂತಿ.

ಪದವಿ ವಿದ್ಯಾರ್ಥಿ: ನಮಸ್ಕಾರ ಮೇಡಂ. ‘ಸೂನ್’ ಪದದ ಮೂಲ ಯಾವುದು? ಅದಕ್ಕೆ ಮೊದಲಿನಿಂದಲೂ ಇದೇ ಅರ್ಥವಿತ್ತೇ?

ಭಾಷಾವಿಜ್ಞಾನಿ: ನಮಸ್ಕಾರ. ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಸೋನ’ ಎಂಬ ರೂಪದಲ್ಲಿತ್ತು, ಅದರ ಅರ್ಥ ‘ಕೂಡಲೇ, ಆ ಕ್ಷಣವೇ’ ಎಂದಾಗಿತ್ತು. ‘ಇನ್ನು ಸ್ವಲ್ಪ ಹೊತ್ತಿನಲ್ಲಿ’ ಎಂಬ ಸಡಿಲ ಅರ್ಥ ಆಮೇಲೆ ಬಂದು ಸೇರಿ, ಕ್ರಮೇಣ ಹಳೆಯದನ್ನು ಹೊರಗಟ್ಟಿತು. ಹಳೆಯ ಫ್ರಿಸಿಯನ್ ಮತ್ತು ಹಳೆಯ ಸ್ಯಾಕ್ಸನ್ ಭಾಷೆಗಳಲ್ಲಿ ಇದರ ಸೋದರ ಪದಗಳಿದ್ದವು. ಇಂದಿನ ಜರ್ಮನ್ನಿನಲ್ಲಿ ಆ ಪದ ಉಳಿದಿಲ್ಲ, ಅದರ ಕೆಲಸವನ್ನು ‘ಬಾಲ್ಟ್’ ಮಾಡುತ್ತಿದೆ. ಅದು ಇಂಗ್ಲಿಷಿನ ‘ಬೋಲ್ಡ್’ ಪದದ ದಾಯಾದಿ: ಎದೆಗಾರಿಕೆಯಿಂದ ನುಗ್ಗುವುದು ಚುರುಕಾಗಿ ಮಾಡುವುದಾಗಿ, ಚುರುಕು ‘ಬೇಗ’ ಆಯಿತು.

ಸ್ಪರ್ಧಾ ಪರೀಕ್ಷೆಯ ಅಭ್ಯರ್ಥಿ: ‘ನೋ ಸೂನರ್’ ಬಂದರೆ ಮುಂದೆ ‘ವೆನ್’ ಬರಬೇಕೋ ‘ದ್ಯಾನ್’ ಬರಬೇಕೋ?

ಭಾಷಾವಿಜ್ಞಾನಿ: ‘ದ್ಯಾನ್’. ‘ಸೂನರ್’ ತರತಮ ರೂಪ, ಆದ್ದರಿಂದ ‘ಇದಕ್ಕಿಂತ’ ಎಂಬುದನ್ನು ಅದು ಬೇಡುತ್ತದೆ. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’ ಎಂಬವು ಬಂದಾಗ ‘ವೆನ್’ ಬಳಸಿ.

ಹಿರಿಯ ಸದಸ್ಯರು: ಮೇಡಂ ಅವರ ಅವಗಾಹನೆಗೆ ನನಗೆ ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ. ‘ಸೂನ್ ಎಂಬುದು ಸಂಸ್ಕೃತದ ಶೂನ್ಯದಿಂದ ಬಂದಿದೆ, ಶೂನ್ಯ ವಿಳಂಬ ಎಂದೇ ಅದರ ಅರ್ಥ, ಇದನ್ನು ಎಲ್ಲರಿಗೂ ತಲುಪಿಸಿ’ ಎಂದು ಅದರಲ್ಲಿದೆ. ಇದು ಹೆಮ್ಮೆಯ ವಿಷಯವಲ್ಲವೇ?

ಭಾಷಾವಿಜ್ಞಾನಿ: ದಯವಿಟ್ಟು ಇದನ್ನು ಯಾರಿಗೂ ತಲುಪಿಸಬೇಡಿ. ಮೊದಲನೆಯದಾಗಿ, ‘ಸೂನ್’ನಲ್ಲಿ ಇಂದು ಕೇಳುವ ‘ಊ’ ಸ್ವರ ಹಳೆಯದಲ್ಲ. ‘ಸೋನ’ ಎಂಬುದು ‘ಸೂನ್’ ಆದದ್ದೂ ‘ಮೋನ’ ಎಂಬುದು ‘ಮೂನ್’ ಆದದ್ದೂ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದ ಒಂದೇ ಪಲ್ಲಟದಲ್ಲಿ, ಅಂದರೆ ಸುಮಾರು 1400ರಿಂದ 1700ರ ನಡುವೆ. ಎರಡನೆಯದಾಗಿ, ಎರಡೂ ಭಾಷೆಗಳು ಒಂದೇ ಮೂಲದಿಂದ ಪಡೆದ ಪದಗಳಲ್ಲಿ ಸಂಸ್ಕೃತದ ‘ಶ’ಕಾರಕ್ಕೆ ಸಾಮಾನ್ಯವಾಗಿ ಇಂಗ್ಲಿಷಿನ ‘ಹ’ಕಾರ ಎದುರಾಗುತ್ತದೆ: ಶತಕ್ಕೆ ‘ಹಂಡ್ರೆಡ್’, ಶ್ವಾನಕ್ಕೆ ‘ಹೌಂಡ್’. ಶೂನ್ಯದ ನಂಟ ಇಂಗ್ಲಿಷಿನಲ್ಲಿದ್ದಿದ್ದರೆ ಅವನೂ ‘ಹ’ಕಾರದಿಂದಲೇ ಶುರುವಾಗಬೇಕಿತ್ತು. ನಿಜವಾದ ನಂಟು ಬೇಕೆಂದರೆ ‘ನೌ’ ಎಂಬ ಪದವನ್ನು ನೋಡಿ: ಅದೂ ಸಂಸ್ಕೃತದ ‘ನು’, ‘ನೂನಂ’ ಪದಗಳೂ ಲ್ಯಾಟಿನ್ನಿನ ‘ನುಂಕ್’ ಕೂಡ ಒಂದೇ ಮೂಲದವು. ಅಲ್ಲಿಯೂ ಅವು ಸೋದರರು, ಒಂದು ಇನ್ನೊಂದರ ಮಗುವಲ್ಲ. ಈ ನಿಜದ ಸಂಬಂಧವನ್ನು ಹೇಳುವ ಸಂದೇಶ ಮಾತ್ರ ನನಗೆ ಇದುವರೆಗೆ ಯಾರಿಂದಲೂ ಬಂದಿಲ್ಲ.

ಅನುವಾದಕಿ: ಮೇಡಂ, ನಾನು 1620ರ ದಶಕದ ಕೆಲವು ಇಂಗ್ಲಿಷ್ ಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪತ್ರದಲ್ಲಿ ಯಜಮಾನ ತನ್ನ ಆಳಿಗೆ ‘ಪ್ರೆಸೆಂಟ್ಲಿ’ ಹೊರಟು ಬರಬೇಕೆಂದು ಬರೆಯುತ್ತಾನೆ, ಮುಂದಿನ ಪತ್ರದಲ್ಲಿ ಆಳು ಆ ರಾತ್ರಿಯೇ ಕುದುರೆ ಏರಿ ಹೊರಟ ಸಂಗತಿ ಬರುತ್ತದೆ. ನಾನು ‘ಸ್ವಲ್ಪ ಸಮಯದಲ್ಲಿ’ ಎಂದು ಅನುವಾದಿಸಿದ್ದೇನೆ. ಅದು ತಪ್ಪೆಂದು ನನ್ನ ಪರಿಶೀಲಕರು ಹೇಳುತ್ತಾರೆ. ಇಡೀ ಸಂಪುಟದಲ್ಲಿ ‘ಸೂನ್’, ‘ಪ್ರೆಸೆಂಟ್ಲಿ’, ‘ಬೈ ಅಂಡ್ ಬೈ’ ಮೂರೂ ಮತ್ತೆ ಮತ್ತೆ ಬರುತ್ತವೆ. ಅರ್ಥವನ್ನು ನಿರ್ಧರಿಸುವುದು ಹೇಗೆ?

ಭಾಷಾವಿಜ್ಞಾನಿ: ನಿಮ್ಮ ಪರಿಶೀಲಕರು ಹೇಳಿದ್ದು ಸರಿ. ಈ ಪ್ರಶ್ನೆ ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿತು, ಏಕೆಂದರೆ ಇಂತಹ ತಪ್ಪು ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ವಾಕ್ಯ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ, ಆಜ್ಞೆಯ ತುರ್ತು ಮಾತ್ರ ಮಾಯವಾಗಿರುತ್ತದೆ. ‘ಪ್ರೆಸೆಂಟ್ಲಿ’ ಎಂಬುದಕ್ಕೂ ಮೊದಲು ‘ಈ ಕೂಡಲೇ’ ಎಂಬ ಅರ್ಥವೇ ಇತ್ತು, ‘ಬೈ ಅಂಡ್ ಬೈ’ ಕೂಡ ಹಾಗೆಯೇ ಇತ್ತು.

1611ರ ಇಂಗ್ಲಿಷ್ ಬೈಬಲ್ ನಿಮ್ಮ ಪತ್ರಗಳಿಗೆ ತೀರ ಹತ್ತಿರದ ಕಾಲದ್ದಾದ್ದರಿಂದ ಅದನ್ನೇ ತೆರೆದು ನೋಡಿ. ಮತ್ತಾಯನ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಯೇಸು ಶಪಿಸಿದ ಅಂಜೂರದ ಮರ ‘ಪ್ರೆಸೆಂಟ್ಲಿ’ ಒಣಗಿಹೋಯಿತು ಎಂದಿದೆ. ಅದರ ಮರುವಚನದಲ್ಲೇ ಶಿಷ್ಯರು ಬೆರಗಾಗಿ, ಮರ ‘ಹೌ ಸೂನ್’ ಒಣಗಿತು ಎನ್ನುತ್ತಾರೆ. ಮರ ನಿಧಾನವಾಗಿ ಒಣಗಿದ್ದರೆ ಶಿಷ್ಯರು ಬೆರಗಾಗಲು ಕಾರಣವೇ ಇರಲಿಲ್ಲ, ಹಾಗಾಗಿ ಎರಡೂ ಪದಗಳು ಇಲ್ಲಿ ತತ್‌ಕ್ಷಣದ ಕ್ರಿಯೆಯನ್ನೇ ಸೂಚಿಸುತ್ತವೆ. ಮಾರ್ಕನ ಆರನೆಯ ಅಧ್ಯಾಯದಲ್ಲಿ ಸ್ನಾನಿಕ ಯೋಹಾನನ ತಲೆಯನ್ನು ‘ಬೈ ಅಂಡ್ ಬೈ’ ಕೊಡಬೇಕೆಂದು ಅರಸನನ್ನು ಕೇಳುವ ಹುಡುಗಿ ಒಳಗೆ ಬಂದದ್ದೇ ಅವಸರದಿಂದ ಎಂದು ಅದೇ ವಚನ ಹೇಳುತ್ತದೆ. ಲೂಕನಲ್ಲಿ ‘ಅಂತ್ಯವು ಬೈ ಅಂಡ್ ಬೈ ಅಲ್ಲ’ ಎಂದು ಬರುತ್ತದೆ. ಅದನ್ನು ಇಂದಿನ ಅರ್ಥದಲ್ಲಿ ಓದಿದರೆ ‘ಅಂತ್ಯವು ಮುಂದೆಂದೋ ಬರುವುದಿಲ್ಲ’ ಎಂಬಂತಾಗಿ ಮಾತು ತಲೆಕೆಳಗಾಗುತ್ತದೆ. ಅಲ್ಲಿರುವುದು ‘ಅಂತ್ಯವು ಕೂಡಲೇ ಬರುವುದಿಲ್ಲ’ ಎಂದು.

ಆದರೆ ನಿಮ್ಮ ಪತ್ರಗಳ ಕಾಲಕ್ಕೆ ಸಡಿಲ ಅರ್ಥವೂ ಬಳಕೆಗೆ ಬಂದಿತ್ತಾದ್ದರಿಂದ ಮೂರನ್ನೂ ಕಣ್ಣುಮುಚ್ಚಿ ‘ಕೂಡಲೇ’ ಎಂದು ಬದಲಿಸಬೇಡಿ. ಪ್ರತಿ ವಾಕ್ಯದಲ್ಲೂ ಪದದ ಸುತ್ತಲಿನ ಕ್ರಿಯೆಯನ್ನು ನೋಡಿ: ಆಜ್ಞೆಯೋ ವಾಗ್ದಾನವೋ, ನಡುವೆ ಬೇರೆ ಕೆಲಸ ಬಂದಿದೆಯೋ, ಕೇಳಿದವನು ಮುಂದೆ ಮಾಡಿದ್ದೇನು? ನಿಮ್ಮ ಆಳು ಆ ರಾತ್ರಿಯೇ ಕುದುರೆ ಏರಿದ್ದಾನೆ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ವಾಗ್ದಾನದ ವಾಕ್ಯಗಳಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ‘ಈಗಲೇ ಮಾಡುತ್ತೇನೆ’ ಎಂದವರು ತಡಮಾಡುವುದು, ಕೇಳುವವರು ಅದಕ್ಕೆ ತಕ್ಕಂತೆ ನಿರೀಕ್ಷೆಯನ್ನು ಇಳಿಸಿಕೊಳ್ಳುವುದು, ಇದರಿಂದಲೇ ಈ ಗುಂಪಿನ ಪದಗಳು ಒಂದಾದ ಮೇಲೊಂದು ಸಡಿಲಗೊಂಡವು. ಒಂದು ಸಡಿಲವಾದಾಗ ತುರ್ತನ್ನು ಹೇಳಲು ಇಂಗ್ಲಿಷಿಗೆ ಹೊಸದೊಂದು ಬೇಕಾಗುತ್ತದೆ. ದಕ್ಷಿಣ ಆಫ್ರಿಕಾದ ಇಂಗ್ಲಿಷಿನಲ್ಲಿ ‘ಜಸ್ಟ್ ನೌ’ ಎಂದರೆ ಈಗಾಗಲೇ ‘ಇನ್ನೊಂದಿಷ್ಟು ಹೊತ್ತಿನ ಮೇಲೆ’ ಎಂದಾಗಿದೆ.

ನಿವೃತ್ತ ಉಪನ್ಯಾಸಕರು: ‘ಪ್ರೆಸೆಂಟ್ಲಿ’ ಪ್ರಸ್ತಾಪ ಬಂದದ್ದರಿಂದ ಹೇಳುತ್ತೇನೆ. ಅದನ್ನು ‘ಸದ್ಯಕ್ಕೆ, ಪ್ರಸ್ತುತ’ ಎಂಬ ಅರ್ಥದಲ್ಲಿ ಬಳಸುವುದು ಶುದ್ಧ ತಪ್ಪು. ಪತ್ರಿಕೆಯವರು ಭಾಷೆಯನ್ನು ಕೆಡಿಸಿದ್ದಾರೆ.

ಉಪಸಂಪಾದಕಿ: ಸರ್, ಕ್ಷಮಿಸಿ, ಆ ಅರ್ಥವನ್ನು ಪತ್ರಿಕೆಯವರು ಹುಟ್ಟಿಸಿಲ್ಲ. ಅದು ನೂರಾರು ವರ್ಷ ಹಳೆಯದು.

ನಿವೃತ್ತ ಉಪನ್ಯಾಸಕರು: ನಾನು ಜೀವನಪೂರ್ತಿ ಇಂಗ್ಲಿಷ್ ಪಾಠ ಹೇಳಿದವನು. ನಿಘಂಟು ಪ್ರತಿಯೊಂದು ದುರಭ್ಯಾಸಕ್ಕೂ ಜಾಗ ಕೊಟ್ಟ ಮಾತ್ರಕ್ಕೆ ಅದು ಸಾಧುವಾಗುವುದಿಲ್ಲ.

ಉಪಸಂಪಾದಕಿ: ಪಾಠ ಹೇಳಿದ್ದು ಬೇರೆ, ಪದದ ಚರಿತ್ರೆ ಬೇರೆ. ಮೇಡಂ ಅವರೇ ಹೇಳಲಿ.

ಭಾಷಾವಿಜ್ಞಾನಿ: ‘ಪ್ರಸ್ತುತ’ ಎಂಬ ಅರ್ಥ ಹದಿನೈದನೆಯ ಶತಮಾನದಿಂದ ಇದೆ. ಮುಂದೆ ಇಂಗ್ಲೆಂಡಿನ ಬರಹದಲ್ಲಿ ಅದು ಹಿಂದೆ ಸರಿಯಿತು, ಸ್ಕಾಟ್ಲೆಂಡಿನಲ್ಲೂ ಅಮೆರಿಕದಲ್ಲೂ ಉಳಿಯಿತು. ಎರಡು ಅರ್ಥಗಳು ಗೊಂದಲ ಹುಟ್ಟಿಸುವ ಕಡೆ ಅದನ್ನು ಬಿಡುವುದು ವಿವೇಕ, ಆದರೆ ‘ಶುದ್ಧ ತಪ್ಪು’ ಎನ್ನಲು ಆಧಾರವಿಲ್ಲ.

ನಿವೃತ್ತ ಉಪನ್ಯಾಸಕರು: ಹಾಗಾದರೆ ನಿಯಮಗಳಿಗೆ ಬೆಲೆಯೇ ಇಲ್ಲ ಎಂದಾಯಿತು.

ಉಪಸಂಪಾದಕಿ: ಹಾಗೆಂದು ಇಲ್ಲಿ ಯಾರೂ ಹೇಳಿಲ್ಲ, ಸರ್. ಉತ್ತರವನ್ನು ಇನ್ನೊಮ್ಮೆ ಓದಿ.

ನಿರ್ವಾಹಕರು: ಇಬ್ಬರೂ ದಯವಿಟ್ಟು ಇಲ್ಲಿಗೆ ನಿಲ್ಲಿಸಿ.

ಹೊಸ ಸದಸ್ಯೆ: ‘ಸೆಲ್ಡಮ್’ ಪದದ ಮೂಲವನ್ನೂ ತಿಳಿಸುವಿರಾ ಮೇಡಂ?

ಇನ್ನೊಬ್ಬ ಅಭ್ಯರ್ಥಿ: ‘ನೋ ಸೂನರ್’ ಜೊತೆಗೆ ‘ವೆನ್’ ಬರುವುದೇ, ‘ದ್ಯಾನ್’ ಬರುವುದೇ?

ಭಾಷಾವಿಜ್ಞಾನಿ: ಮೇಲೆ ಉತ್ತರಿಸಿದ್ದೇನೆ.

ಕ್ರೀಡಾಸಕ್ತ ಸದಸ್ಯ: ಅಮೆರಿಕದ ಓಕ್ಲಹಾಮಾ ವಿಶ್ವವಿದ್ಯಾಲಯದ ಆಟಗಾರರನ್ನು ‘ಸೂನರ್ಸ್’ ಎನ್ನುತ್ತಾರಲ್ಲ, ಅದಕ್ಕೂ ಈ ಪದಕ್ಕೂ ಸಂಬಂಧವಿದೆಯೇ?

ಭಾಷಾವಿಜ್ಞಾನಿ: ನೇರ ಸಂಬಂಧವಿದೆ. 1889ರ ಏಪ್ರಿಲ್ 22ರ ನಡುಹಗಲಿಗೆ ಅಲ್ಲಿನ ಭೂಮಿಯನ್ನು ವಲಸಿಗರಿಗೆ ತೆರೆಯಲಾಯಿತು, ಗಡಿಯಲ್ಲಿ ಕಾದು ನಿಂತವರು ಗಳಿಗೆ ಬಂದೊಡನೆ ನುಗ್ಗಿ ಜಾಗ ಹಿಡಿಯಬೇಕಿತ್ತು. ಗಳಿಗೆಗೆ ಮುಂಚೆಯೇ ಕದ್ದು ಒಳಹೊಕ್ಕವರನ್ನು ‘ಸೂನರ್’ ಎಂದು ಹಳಿದರು. ಆ ಬೈಗುಳವೇ ಈಗ ರಾಜ್ಯದ ಅಡ್ಡಹೆಸರು. ಹೇಳಲು ಖುಷಿಯಾಗುವ ಉತ್ತರ ಇದು.

ಹಿರಿಯ ಸದಸ್ಯರು: ಇನ್ನೊಂದು ಸಂದೇಶ ಬಂದಿದೆ ಮೇಡಂ. ‘ಸೂರ್ಯ ಮುಳುಗುವುದರೊಳಗೆ ಎಂಬುದೇ ಸೂನ್, ಅದು ಸನ್ ಪದದಿಂದ ಬಂದಿದೆ’ ಎನ್ನುತ್ತಾರೆ.

ಭಾಷಾವಿಜ್ಞಾನಿ: ಇಲ್ಲ. ಸೂರ್ಯನಿಗೆ ಹಳೆಯ ಇಂಗ್ಲಿಷಿನಲ್ಲಿ ‘ಸುನ್ನೆ’ ಎನ್ನುತ್ತಿದ್ದರು, ಅದರ ಸ್ವರ ಹ್ರಸ್ವ, ಪದವೇ ಬೇರೆ. ಬರೆದವರ ಹೆಸರೂ ಆಧಾರವೂ ಇಲ್ಲದ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಮುಂದಿನವುಗಳನ್ನು ನಾನು ಓದುವುದಿಲ್ಲ.

ಹಿರಿಯ ಸದಸ್ಯರು: ತಿಳಿಯುವ ಆಸೆಯಿಂದ ಕೇಳಿದ್ದಕ್ಕೆ ಇಷ್ಟು ಸಿಡುಕಬೇಕಿರಲಿಲ್ಲ.

ಅನುವಾದಕಿ: ಮೇಡಂ, ಇದೊಂದು ಕೊನೆಯ ಸಂಶಯ. ಇನ್ನೊಂದು ಪತ್ರದಲ್ಲಿ ಮನೆಯವರೆಲ್ಲ ಪ್ರಯಾಣದ ದಿನ ‘ಸೂನ್ ಇನ್ ದ ಮಾರ್ನಿಂಗ್’ ಎದ್ದರು ಎಂದಿದೆ. ಇಲ್ಲಿ ‘ಕೂಡಲೇ’ ಹೊಂದುವುದಿಲ್ಲ.

ಭಾಷಾವಿಜ್ಞಾನಿ: ಹೊಂದುವುದಿಲ್ಲ, ಸರಿ. ಅಲ್ಲಿ ಅದರ ಅರ್ಥ ‘ಹೊತ್ತಿಗೆ ಮುಂಚೆ’ ಎಂದು. ಅಮೆರಿಕದ ದಕ್ಷಿಣ ಭಾಗದ ಆಡುಮಾತಿನಲ್ಲಿ ಈ ಬಳಕೆ ಉಳಿದುಬಂದಿದೆ. ‘ನಸುಕಿನಲ್ಲೇ ಎದ್ದರು’ ಎಂದು ಬರೆಯಿರಿ.