ಲೂಪಸ್ ಇರುವ ಮಕ್ಕಳಲ್ಲಿ ಸೋಂಕಿಲ್ಲದೆಯೂ ಮೂತ್ರಕೋಶದ ಉರಿಯೂತ ಬರುವುದುಂಟೆ?

ಪ್ರಶ್ನೆ:
ನನ್ನ ಮಗಳಿಗೆ 15 ವರ್ಷ. ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ದಾಳಿ ಮಾಡುವ ಕಾಯಿಲೆ) ಪತ್ತೆಯಾಗಿ ಎರಡು ವರ್ಷಗಳಾದವು. ಎರಡು ತಿಂಗಳಿಂದ ಅವಳು ಪದೇ ಪದೇ ಮೂತ್ರಕ್ಕೆ ಹೋಗುತ್ತಾಳೆ, ಕಿಬ್ಬೊಟ್ಟೆ ನೋವೆನ್ನುತ್ತಾಳೆ. ಕಲ್ಚರ್ ಪರೀಕ್ಷೆಯಲ್ಲಿ ಎರಡು ಸಲವೂ ರೋಗಾಣು ಬೆಳೆಯಲಿಲ್ಲ, ಆ್ಯಂಟಿಬಯಾಟಿಕ್‌ಗಳಿಂದ ಗುಣವೂ ಕಾಣಲಿಲ್ಲ. ಈ ನಡುವೆ ಆಗಾಗ ಕಾಣಿಸಿಕೊಂಡ ವಾಂತಿ, ಭೇದಿಯನ್ನು ನಾವು ಬೇರೆಯೇ ಕಾಯಿಲೆ ಎಂದುಕೊಂಡಿದ್ದೆವು. ಈಗ ಸ್ಕ್ಯಾನ್‌ನಲ್ಲಿ ಮೂತ್ರಕೋಶದ ಗೋಡೆ ದಪ್ಪಗಾಗಿದೆ, ಎರಡೂ ಮೂತ್ರನಾಳಗಳು ಹಿಗ್ಗಿವೆ ಎಂದು ಬಂದಿದೆ. ಲೂಪಸ್ ಮೂತ್ರಪಿಂಡವನ್ನು ಕೆಡಿಸುತ್ತದೆಂಬುದು ತಿಳಿದಿತ್ತು, ಮೂತ್ರಕೋಶವನ್ನೂ ಬಾಧಿಸುವುದುಂಟೆ?

ಉತ್ತರ 1:
ಉಂಟು, ಆದರೆ ಬಹಳ ಅಪರೂಪ. ಲೂಪಸ್ ಸಿಸ್ಟೈಟಿಸ್ ಎಂದು ಕರೆಯುವ ಈ ಸ್ಥಿತಿಯ ವಿವರ 1983ರಲ್ಲಿ ಪ್ರಕಟವಾಯಿತು. ರೋಗನಿರೋಧಕ ಸಂಕೀರ್ಣಗಳು (ಪ್ರತಿಕಾಯಗಳು ತಮ್ಮ ಗುರಿವಸ್ತುವಿಗೆ ಅಂಟಿಕೊಂಡು ಆಗುವ ಗುಂಪುಗಳು) ಮೂತ್ರಕೋಶದ ಸಣ್ಣ ರಕ್ತನಾಳಗಳಲ್ಲಿ ಶೇಖರಗೊಂಡು ಉರಿಯೂತವನ್ನು ಉಂಟುಮಾಡುತ್ತವೆ. ಗೋಡೆ ದಪ್ಪಗಾಗಿ ಮೂತ್ರಕೋಶದ ಧಾರಣಶಕ್ತಿ ಕುಗ್ಗುತ್ತದೆ, ಮೂತ್ರನಾಳಗಳು ಬಂದು ಸೇರುವ ಜಾಗ ಇಕ್ಕಟ್ಟಾದರೆ ಮೂತ್ರ ಮೇಲೆಯೇ ತಡೆದುನಿಂತು ಮೂತ್ರಪಿಂಡಗಳು ಊದಿಕೊಳ್ಳುತ್ತವೆ. ನೀವು ಬೇರೆ ಎಂದುಕೊಂಡ ವಾಂತಿ, ಭೇದಿಯೇ ನನ್ನ ದೃಷ್ಟಿಯಲ್ಲಿ ದೊಡ್ಡ ಸುಳಿವು, ಏಕೆಂದರೆ ಇಂತಹ ರೋಗಿಗಳಲ್ಲಿ ಅನೇಕರಿಗೆ ಕರುಳೂ ಜೊತೆಗೇ ಬಾಧಿತವಾಗಿರುತ್ತದೆ. ಕೆಲವರಲ್ಲಂತೂ ಹೊಟ್ಟೆಯ ತೊಂದರೆಯೇ ಎದ್ದು ಕಂಡು, ಮೂತ್ರದ ತೊಂದರೆಯನ್ನು ಯಾರೂ ಕೇಳುವುದೇ ಇಲ್ಲ. ಮುಖ್ಯ ಚಿಕಿತ್ಸೆ ಸ್ಟೀರಾಯ್ಡ್. ತಡವಾದರೆ ಗೋಡೆ ನಾರುಗಟ್ಟುತ್ತದೆ, ಆಮೇಲೆ ಔಷಧದಿಂದ ಹೆಚ್ಚು ಪ್ರಯೋಜನವಾಗದು.

ಉತ್ತರ 2:
ಅವಳಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ಕೊಟ್ಟಿದ್ದರೇ? ಅದು ದೇಹದಲ್ಲಿ ಒಡೆದಾಗ ಹುಟ್ಟುವ ಅಕ್ರೋಲೀನ್ ಎಂಬ ರಾಸಾಯನಿಕ ಮೂತ್ರಕೋಶದ ಒಳಪದರವನ್ನು ಸುಡುತ್ತದೆ. ಆಗ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದೇ ಹೆಚ್ಚು. ಅದನ್ನು ತಡೆಯಲೆಂದೇ ಹೇರಳವಾಗಿ ನೀರು ಕುಡಿಸುತ್ತಾರೆ, ಮೆಸ್ನಾ ಕೊಡುತ್ತಾರೆ. ವಿಚಿತ್ರವೆಂದರೆ, ಸ್ಟೀರಾಯ್ಡ್‌ಗೆ ಬಗ್ಗದ ಲೂಪಸ್ ಸಿಸ್ಟೈಟಿಸ್‌ಗೆ ಸೈಕ್ಲೋಫಾಸ್ಫಮೈಡನ್ನೇ ಬಳಸುವುದೂ ಉಂಟು. ಇನ್ನೊಂದು ಮಾತು: ಕ್ಷಯದ ರೋಗಾಣು ಸಾಮಾನ್ಯ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ, ಆದ್ದರಿಂದ ಸ್ಟೀರಾಯ್ಡ್ ಹೆಚ್ಚಿಸುವ ಮೊದಲು ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಿದ್ದಾರೆಯೇ ಎಂದು ವಿಚಾರಿಸಿ.

ಪ್ರಶ್ನೆ ಕೇಳಿದವರು:
ಆ ಔಷಧವನ್ನು ಎಂದೂ ಕೊಟ್ಟಿಲ್ಲ. ಮೂತ್ರದಲ್ಲಿ ರಕ್ತವೂ ಕಂಡಿಲ್ಲ. ಕ್ಷಯದ ಪರೀಕ್ಷೆಯ ಬಗ್ಗೆ ನಾಳೆಯೇ ಕೇಳುತ್ತೇನೆ. ಹಿಗ್ಗಿದ ನಾಳಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದೇ?

ಉತ್ತರ 3:
ಎಲ್ಲರಿಗೂ ಬೇಕಾಗುವುದಿಲ್ಲ. ಉರಿಯೂತ ಇಳಿದಂತೆ ಹಿಗ್ಗಿದ ನಾಳಗಳು ತಾವಾಗಿಯೇ ಕುಗ್ಗಬಹುದು. ಆದರೆ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡಗಳು ಹೊರಹಾಕಬೇಕಾದ ತ್ಯಾಜ್ಯ) ಏರುತ್ತಿದ್ದರೆ ಅಥವಾ ಜ್ವರ ಬಂದರೆ ಕಾಯಬಾರದು; ಆಗ ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ಮೂತ್ರಕ್ಕೆ ದಾರಿ ಮಾಡಿಕೊಡಬೇಕಾಗಬಹುದು. ರುಮಟಾಲಜಿ (ಲೂಪಸ್‌ನಂತಹ ಕಾಯಿಲೆಗಳ) ಮತ್ತು ಯೂರಾಲಜಿ (ಮೂತ್ರಾಂಗಗಳ) ವೈದ್ಯರಿಬ್ಬರೂ ಒಟ್ಟಿಗೆ ಸ್ಕ್ಯಾನ್ ನೋಡುವಂತೆ ಕೇಳಿಕೊಳ್ಳಿ.