ಹತ್ತನೇ ಕ್ಲಾಸ್ ಇಂಗ್ಲಿಷ್: ಗೈಡ್ ಬಾಯಿಪಾಠ ಆಗಿದೆ, ಪ್ರಶ್ನೆ ತಿರುಗಿಸಿದರೆ ಉತ್ತರ ಬರಲ್ಲ

ಇಳಕಲ್ ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಇಳಕಲ್‌ನವಳು, ಬಿ.ಎ. ಓದುತ್ತಿದ್ದೇನೆ. ಸಂಜೆ ಹೊತ್ತು ನನ್ನ ತಮ್ಮನಿಗೂ ನಮ್ಮ ಓಣಿಯ ಇಬ್ಬರು ಹುಡುಗಿಯರಿಗೂ ಪಾಠ ಹೇಳಿಕೊಡುತ್ತೇನೆ. ಮೂವರೂ ಕನ್ನಡ ಮಾಧ್ಯಮದವರು. ಈ ಸಲ ಎಸ್ಸೆಸ್ಸೆಲ್ಸಿ, ಇಂಗ್ಲಿಷ್ ಎರಡನೇ ಭಾಷೆ.

ತಮ್ಮ ಗೈಡನ್ನು ಪೂರ್ತಿ ಬಾಯಿಪಾಠ ಮಾಡಿದ್ದಾನೆ. ಗೈಡ್‌ನಲ್ಲಿರುವ ಹಾಗೇ ಪ್ರಶ್ನೆ ಕೇಳಿದರೆ ಪಟಪಟ ಹೇಳುತ್ತಾನೆ. ಮೊನ್ನೆ 'ಎ ಹೀರೋ' ಪಾಠದಿಂದ, ಅಪ್ಪನ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅಂತ ಅಪ್ಪ ಹೇಳಿದಾಗ ಅದನ್ನು ತಪ್ಪಿಸಿಕೊಳ್ಳಲು ಕಥೆಯ ಹುಡುಗ ಸ್ವಾಮಿ ಏನೇನು ಮಾಡಿದ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಬಾಯೇ ಬಿಡಲಿಲ್ಲ. ಅದೇ ಕಥೆಯನ್ನು ಕನ್ನಡದಲ್ಲಿ ಹೇಳು ಅಂದರೆ ನಗುನಗುತ್ತಾ ಪೂರ್ತಿ ಹೇಳಿದ.

ಪದ್ಯದ್ದೂ ಅದೇ ಕಥೆ. ಷೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ' ನಾಲ್ಕು ಸಾಲು ಸಲೀಸಾಗಿ ಬರುತ್ತೆ, ಐದನೇ ಸಾಲಿಗೆ ನಿಂತುಬಿಡುತ್ತಾನೆ. ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ವಾಕ್ಯ, ಅದು ಮೂವರಿಗೂ ಭಯ. ಮಾರ್ಚ್ ಹತ್ತಿರ ಬಂತು. ಹೇಗೆ ರಿವಿಜನ್ ಮಾಡಿಸಲಿ?

ಮುದ್ದೇಬಿಹಾಳ ಮಾಸ್ತರ ಬರೆದದ್ದು:

ತಂಗಿ, ನಾನು ವಿಜಯಪುರ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ನಿನ್ನ ತಮ್ಮನಿಗೆ ಕಥೆ ಗೊತ್ತಿದೆ ಅಂದೆಯಲ್ಲ, ಅರ್ಧ ಕೆಲಸ ಮುಗಿದ ಹಾಗೆ. ಬಹಳ ಮಕ್ಕಳಿಗೆ ಅದೂ ಇರುವುದಿಲ್ಲ.

ಗೈಡನ್ನು ಸ್ವಲ್ಪ ದಿನ ಎತ್ತಿಡು. ಪಾಠದ ಒಂದು ಪ್ಯಾರಾ ಜೋರಾಗಿ ಓದಿಸು. ಆಮೇಲೆ ಪ್ರಶ್ನೆ ನೀನು ಕೇಳಬೇಡ, ಅವರೇ ಒಬ್ಬರಿಗೊಬ್ಬರು ಕೇಳಲಿ. ಹೂ, ವೇರ್, ವೈ, ಹೌ. ಪ್ರಶ್ನೆ ಕಟ್ಟಲು ಬಂದ ಮಗುವಿಗೆ ಪ್ರಶ್ನೆಯನ್ನು ಯಾರು ಎಷ್ಟು ತಿರುಗಿಸಿದರೂ ಗೊಂದಲ ಆಗುವುದಿಲ್ಲ. ನೀನು ಕೇಳಿದ ಪ್ರಶ್ನೆಯನ್ನೇ ತೆಗೆದುಕೊ. ಸ್ವಾಮಿ ಹಾಲ್‌ನಲ್ಲಿ ಮಲಗುತ್ತೇನೆ ಅಂತ ಬೇಡಿಕೊಂಡ. ರೂಮಿನಲ್ಲಿ ಧೂಳಿದೆ, ಕಾನೂನು ಪುಸ್ತಕಗಳ ಹಿಂದೆ ಚೇಳಿರಬಹುದು ಅಂದ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಮಲಗುತ್ತೇನೆ ಅಂದ. ಅಜ್ಜಿಯ ಪಕ್ಕ ಹೋಗಿ ಮಲಗಿದ. ನಾಲ್ಕು ಸಣ್ಣ ವಾಕ್ಯ ಆದವು. ಇದನ್ನು ಅವನದೇ ಇಂಗ್ಲಿಷಿನಲ್ಲಿ ಬರೆಯಲಿ. ಸ್ಪೆಲಿಂಗ್ ಒಂದೆರಡು ತಪ್ಪಾದರೂ ಅರ್ಥ ಸರಿಯಿದ್ದರೆ ಅಂಕ ಬರುತ್ತವೆ.

ರಿಪೋರ್ಟೆಡ್ ಸ್ಪೀಚ್ ಕಲಿಸಲು ಬೇರೆ ಗ್ರಾಮರ್ ಪುಸ್ತಕ ಬೇಡ. ಇದೇ ಪಾಠದಲ್ಲಿ ಅಪ್ಪ ಮಗನ ಮಾತುಕತೆ ತುಂಬಿದೆ. ಅಪ್ಪ ಕೇಳುತ್ತಾನೆ: 'ಕ್ಯಾನ್ ಯು ಪ್ರೂವ್ ಯು ಹ್ಯಾವ್ ಕರೇಜ್?' ತಮ್ಮನೇ ಅಪ್ಪನಾಗಿ ಕೇಳಲಿ. ಅವನೇನು ಕೇಳಿದ ಅಂತ ಒಬ್ಬ ಹುಡುಗಿ ಇನ್ನೊಬ್ಬಳಿಗೆ ಹೇಳಲಿ: 'ಹಿ ಆಸ್ಕ್ಡ್ ಸ್ವಾಮಿ ಇಫ್ ಹಿ ಕುಡ್ ಪ್ರೂವ್ ಹಿ ಹ್ಯಾಡ್ ಕರೇಜ್.' ಕ್ಯಾನ್ ಹೋಗಿ ಕುಡ್ ಆಯಿತು, ಹ್ಯಾವ್ ಹೋಗಿ ಹ್ಯಾಡ್ ಆಯಿತು, ಯು ಇದ್ದಲ್ಲಿ ಹಿ ಬಂತು, ನಡುವೆ ಇಫ್ ಬಂತು, ಕೊನೆಯ ಪ್ರಶ್ನೆ ಚಿಹ್ನೆ ಹೋಯಿತು. ನಮ್ಮ ಮಕ್ಕಳು ತಪ್ಪುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ 'ಬರ್ತೀಯಾ ಅಂತ ಕೇಳಿದ' ಅಂದರೆ ಸಾಕು, ಒಳಗಿನ ಮಾತು ಇದ್ದ ಹಾಗೇ ಇರುತ್ತೆ. ಇಂಗ್ಲಿಷಿನಲ್ಲಿ ಒಳಗಿನ ಕ್ರಿಯಾಪದವೂ ಹಿಂದಕ್ಕೆ ಸರಿಯಬೇಕು. ಈ ಒಂದು ವ್ಯತ್ಯಾಸವನ್ನು ಬಾಯಲ್ಲಿ ಆಡಿಸಿ ಆಡಿಸಿ ರೂಢಿ ಮಾಡಿಸು. ನಿಯಮದ ಪಟ್ಟಿ ಆಮೇಲೆ ನೋಡೋಣ.

ಇನ್ನು ಪದ್ಯ. ಅದು ನಾಟಕದ ಮಾತು ಅಂತ ಮಕ್ಕಳಿಗೆ ಹೇಳಿದ್ದೀಯಾ? 'ಮರ್ಚೆಂಟ್ ಆಫ್ ವೆನಿಸ್' ನಾಟಕದ ನಾಲ್ಕನೇ ಅಂಕ, ಕೋರ್ಟು. ಶೈಲಾಕ್ ಸಾಲದ ಕರಾರಿನಂತೆ ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಬೇಕು ಅಂತ ಕೂತಿದ್ದಾನೆ. ಪೋರ್ಷಿಯಾ ವಕೀಲನ ವೇಷದಲ್ಲಿ ಬಂದು, ದಯೆ ತೋರಿಸು ಅನ್ನುತ್ತಾಳೆ. ಯಾಕೆ ತೋರಿಸಬೇಕು ಅಂತ ಅವನು ಕೇಳಿದ್ದಕ್ಕೆ ಉತ್ತರ ಈ ಪದ್ಯ. ಇಷ್ಟು ಗೊತ್ತಾದರೆ ಅದು ವಾದ ಅಂತ ಕಾಣುತ್ತದೆ. ವಾದ ಮೆಟ್ಟಿಲಿನ ಹಾಗೆ ಏರುತ್ತದೆ. ದಯೆ ಒತ್ತಾಯಕ್ಕೆ ಬರುವುದಲ್ಲ, ಮಳೆಯ ಹಾಗೆ ತಾನೇ ಸುರಿಯುತ್ತದೆ. ಕೊಟ್ಟವನಿಗೂ ಒಳ್ಳೆಯದು, ಪಡೆದವನಿಗೂ ಒಳ್ಳೆಯದು. ರಾಜನಿಗೆ ಕಿರೀಟಕ್ಕಿಂತ ಚಂದ ಒಪ್ಪುತ್ತದೆ. ರಾಜದಂಡ ಹುಟ್ಟಿಸುವುದು ಭಯ, ದಯೆ ಅದಕ್ಕಿಂತ ಮೇಲೆ. ರಾಜನ ಹೃದಯದಲ್ಲಿ ಕೂತಿರುತ್ತದೆ. ಕೊನೆಗೆ ಅದು ದೇವರ ಗುಣ. ನಿನ್ನ ತಮ್ಮ ನಿಲ್ಲುವುದು ಕೊಡುವವ, ಪಡೆಯುವವ ಮುಗಿದ ಕೂಡಲೇ. ಮುಂದೆ ಮಾತು ರಾಜನ ಕಡೆ ತಿರುಗುತ್ತದೆ ಅಂತ ಅವನಿಗೆ ಗೊತ್ತಿಲ್ಲ, ಅದಕ್ಕೇ ಸಾಲು ಸಿಗುತ್ತಿಲ್ಲ. ಮೊದಲು ಈ ಕ್ರಮವನ್ನು ಕನ್ನಡದಲ್ಲಿ ಹೇಳಿಸು, ಆಮೇಲೆ ಎದ್ದು ನಿಂತು ಪೋರ್ಷಿಯಾ ಹಾಗೆ ಜೋರಾಗಿ ಹೇಳಲಿ. ಕೂತು ಗುನುಗಿದರೆ ನಿಲ್ಲುವುದಿಲ್ಲ.

ಘಟಪ್ರಭಾ ಬರೆದದ್ದು:

ಮಾಸ್ತರ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗೋಕಾಕ ತಾಲೂಕಿನಲ್ಲಿ ಕಲಿಸುತ್ತೇನೆ. 'ದ ಸಾಂಗ್ ಆಫ್ ಇಂಡಿಯಾ' ಮಾಡುವಾಗ ಕವಿ ವಿ.ಕೃ. ಗೋಕಾಕರ ಬಗ್ಗೆ ಮಕ್ಕಳಿಗೆ ಖಂಡಿತ ಹೇಳಿ. ಅವರು ಹುಟ್ಟಿದ್ದು ಸವಣೂರಿನಲ್ಲಿ, 1909ರಲ್ಲಿ. ಇಂಗ್ಲಿಷ್ ಪ್ರೊಫೆಸರ್, ಕನ್ನಡದ ದೊಡ್ಡ ಕವಿ, 1990ರ ಜ್ಞಾನಪೀಠ ಅವರಿಗೆ ಬಂತು. ಕನ್ನಡದವರೊಬ್ಬರು ಇಂಗ್ಲಿಷಿನಲ್ಲಿ ಬರೆದದ್ದು ಪುಸ್ತಕದಲ್ಲಿದೆ ಅಂದಾಗ ಮಕ್ಕಳ ಮುಖವೇ ಬೇರೆ ಆಗುತ್ತದೆ. ಆ ಪದ್ಯ ತಾಯಿ ಮತ್ತು ಕವಿಯ ಸಂಭಾಷಣೆ. ಕವಿ ಹಿಮಾಲಯ, ಮೂರು ಸಮುದ್ರ ಅಂತ ಹೊಗಳಲು ಹೊರಡುತ್ತಾನೆ. ತಾಯಿ ನನ್ನ ಬೀದಿಯ ಭಿಕ್ಷುಕರನ್ನು, ಕೊಳೆಯನ್ನು ಹಾಡು ಅನ್ನುತ್ತಾಳೆ. ಇಬ್ಬರು ಮಕ್ಕಳಿಗೆ ಪಾತ್ರ ಹಂಚಿ ಓದಿಸಿ, ಯಾರು ಯಾರಿಗೆ ಹೇಳಿದರು ಎನ್ನುವ ಪ್ರಶ್ನೆ ತಪ್ಪುವುದೇ ಇಲ್ಲ.

ಇಂಡಿ ಹುಡುಗ ಬರೆದದ್ದು:

ಅಕ್ಕಾ, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೇನೆ. ಪತ್ರಕ್ಕೆ 5 ಅಂಕ ಇರುತ್ತೆ, ಅದನ್ನು ಬಿಡಿಸಬೇಡಿ. ವಿಳಾಸ, ದಿನಾಂಕ, ಯಾರಿಗೆ, ವಿಷಯ, ಕೊನೆಗೆ ಸಹಿ ಇದೆಲ್ಲಾ ಸರಿಯಾದ ಜಾಗದಲ್ಲಿ ಬರಬೇಕು. ನಮ್ಮ ಟೀಚರ್ ನಿಜವಾದ ಪತ್ರ ಬರೆಸುತ್ತಿದ್ದರು. ಬೆಳಿಗ್ಗೆ ಶಾಲೆ ಹೊತ್ತಿಗೆ ಬಸ್ ಬಿಡಿ ಅಂತ ಡಿಪೊ ಮ್ಯಾನೇಜರ್‌ಗೆ ಬರೆದಿದ್ದೆವು. ಬೇಕಾಗಿರೋದನ್ನೇ ಕೇಳುವಾಗ ವಾಕ್ಯ ತಾನಾಗೇ ಬರುತ್ತೆ. ಹಳೇ ಪ್ರಶ್ನೆಪತ್ರಿಕೆ ಪರೀಕ್ಷಾ ಮಂಡಳಿಯ ವೆಬ್‌ಸೈಟಲ್ಲೇ ಇವೆ, ದುಡ್ಡು ಕೊಟ್ಟು ತರಬೇಡಿ.

ಇಳಕಲ್ ಅಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ನೀವು ಹೇಳಿದ ಹಾಗೆ ಗೈಡ್ ಎತ್ತಿಟ್ಟೆ. ಪ್ರೊಫೈಲ್, ಅಂದರೆ ಒಬ್ಬ ವ್ಯಕ್ತಿಯ ಪರಿಚಯ ಬರೆಯುವುದನ್ನು ಅಪ್ಪನ ಬಗ್ಗೆಯೇ ಬರೆಸಿದೆ. ಅಪ್ಪ ನೇಕಾರರು, ಮನೆಯಲ್ಲೇ ಮಗ್ಗ ಇದೆ. ತಮ್ಮ ಬರೆದದ್ದು ಹೀಗಿದೆ: 'ಮೈ ಫಾದರ್ ವೀವ್ ಇಳಕಲ್ ಸಾರೀಸ್. ಹಿ ಜಾಯಿನ್ ದ ಸೆರಗು ವಿತ್ ಕೊಂಡಿ. ದ ಸಾರೀಸ್ ಈಸ್ ಸೋಲ್ಡ್ ಇನ್ ದ ಮಾರ್ಕೆಟ್.' ಮೂರೂ ಸಾಲಲ್ಲಿ ತಪ್ಪಿದೆ. ಎಲ್ಲಾ ಕೆಂಪು ಮಾಡಲಾ?

ಮುದ್ದೇಬಿಹಾಳ ಮಾಸ್ತರ:

ಬೇಡ ತಂಗಿ, ಕೆಂಪು ಪೆನ್ನು ಮುಟ್ಟಬೇಡ. ಸೆರಗಿಗೆ ಕೊಂಡಿ ಹಾಕುವುದನ್ನು, ಅಂದರೆ ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಸೇರಿಸುವುದನ್ನು, ಇಂಗ್ಲಿಷಿನಲ್ಲಿ ಹೇಳಲು ಹೊರಟಿದ್ದಾನೆ, ಇದು ಯಾವ ಗೈಡ್‌ನಲ್ಲೂ ಸಿಗದ ವಾಕ್ಯ. ಮೂರು ವಾಕ್ಯದಲ್ಲೂ ತಪ್ಪು ಒಂದೇ ಜಾತಿಯದು. ಪ್ರತಿ ವಾಕ್ಯ ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಇದೆಯೋ ಆ ಪದಕ್ಕೆ ಅವನೇ ಸುತ್ತು ಹಾಕಲಿ. ಒಬ್ಬರೋ, ಜಾಸ್ತಿಯೋ? ಅಪ್ಪ ಒಬ್ಬರು, ಹಾಗಾಗಿ ವೀವ್ಸ್, ಜಾಯಿನ್ಸ್. ಸೀರೆಗಳು ಜಾಸ್ತಿ, ಹಾಗಾಗಿ ಆರ್ ಸೋಲ್ಡ್. ತಾನೇ ತಿದ್ದುತ್ತಾನೆ ನೋಡು.

ಮೂರನೇ ವಾಕ್ಯದಲ್ಲಿ ಅವನಿಗೆ ತಿಳಿಯದೇ ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ, ಬಂದಿದೆ. ಅದನ್ನು ತೋರಿಸಿ ಮೊದಲನೆಯದನ್ನೂ ಹಾಗೇ ತಿರುಗಿಸು ಅನ್ನು: 'ಇಳಕಲ್ ಸಾರೀಸ್ ಆರ್ ವೋವನ್ ಬೈ ಮೈ ಫಾದರ್.' ವೀವ್, ವೋವ್, ವೋವನ್ ಮೂರೂ ರೂಪ ಬರೆಸಿಡು. ನಾಳೆ ಹುಡುಗಿಯರೂ ತಮ್ಮ ತಮ್ಮ ಮನೆಯವರ ಬಗ್ಗೆ ಬರೆಯಲಿ. ಬರೆದದ್ದನ್ನು ಇಲ್ಲಿ ಹಾಕು, ನಾನು ನೋಡುತ್ತೇನೆ.